ಬೀದರದ ಮಾಳಿಗೆ, ಲೋಣಾರದ ಕುಳಿ, ಪೂರ್ಣೆಯ ಬಯಲು

ಗುರುವಾರ, ಬೀದರ

ಕರಾವಳಿಯವರು ಬೀದರ ಕೋಟೆಯ ಕಂದಕದ ಅಂಚಿಗೆ ಬಂದು ನಿಂತರೆ, ಇದು ನಮ್ಮೂರ ಕಲ್ಲುಕೋರೆಯಲ್ಲವೇ ಎಂದುಕೊಳ್ಳದೆ ಇರಲಾರರು. ಅದೇ ಕೆಂಪು, ಅದೇ ತೂತುತೂತಾದ ಮೈ. ಉಡುಪಿ ಕಡೆ ಗೋಡೆಗೆಂದು ಕಡಿಯುವ ಮುರಕಲ್ಲನ್ನೇ ಬಹಮನಿಗಳು 15ನೇ ಶತಮಾನದಲ್ಲಿ ಕೊರೆಸಿ, ನಡುನಡುವೆ ಬಂಡೆಯನ್ನೇ ಗೋಡೆಯಾಗಿ ಉಳಿಸಿ, ಮೂರು ಸಾಲಿನ ಕಂದಕ ಮಾಡಿಸಿದ್ದಾರೆ. ಕೋಟೆಯೊಳಗೆ ರಂಗೀನ್ ಮಹಲ್ ನೋಡಲು ಜನ ಸಾಲುಗಟ್ಟಿದ್ದರು. ನಾನು ಕಂದಕದಲ್ಲೇ ಉಳಿದೆ.

ಜೊತೆಗಿದ್ದವರು ನನ್ನ ಗೆಳೆಯನ ಕಾಕಾ. ಗೆಳೆಯನಿಗೆ ರಜೆ ಸಿಗಲಿಲ್ಲ, "ಕಾಕಾನ್ನ ಕರಕೊಂಡು ಹೋಗು, ಅವರಿಗೆ ನೆಲದ ಒಳಗಿಂದು ಗೊತ್ತು" ಎಂದಿದ್ದ. ಭಾಲ್ಕಿಯವರಾದ ಕಾಕಾ ಬೋರ್‌ವೆಲ್ ಗಾಡಿಯಲ್ಲಿ ದುಡಿದು ವಯಸ್ಸು ಕಳೆದವರು. ಬೀದರ, ಉದಗೀರ, ಲಾತೂರ, ಪರಭಣಿ, ಎಲ್ಲ ಕಡೆ ಕೊರೆದಿದ್ದಾರೆ. ಭೂಗೋಳದ ಪಾಠದಲ್ಲಿ ನಾವು 'ದಖ್ಖನ್ ಪ್ರಸ್ಥಭೂಮಿ' ಎಂದು ಬಾಯಿಪಾಠ ಮಾಡಿದ್ದನ್ನು ಅವರು ಫೂಟ್ ಲೆಕ್ಕದಲ್ಲಿ ಬಲ್ಲರು.

"ತಮ್ಮಾ, ಇಲ್ಲಿ ಮೊದಲ ನೂರು ಫೂಟ್ ಬೋರಿನ ಬಿಟ್ ಸುಮ್ಮ ಇಳೀತದ," ಅಂದರು. "ಕೆಂಪು ಮುಗದ ಮ್ಯಾಲ ಜೇಡಿ. ಅದರ ಕೆಳಗ ಕರಿಕಲ್ಲು. ನೀರು ಬೇಕಂದ್ರ ಕೆಂಪು ಮುಗಿಯೋ ಜಾಗದಾಗ ನೋಡಬೇಕು."

ಬೀದರದ ಭೂವಿಜ್ಞಾನವೆಲ್ಲ ಈ ಮೂರು ಮಾತಿನಲ್ಲಿದೆ. ಕೆಂಪು ಕಲ್ಲು ಎಲ್ಲಿಂದಲೋ ಬಂದು ಕರಿಕಲ್ಲಿನ, ಅಂದರೆ ಆರಿ ಗಟ್ಟಿಯಾದ ಲಾವಾದ, ಮೇಲೆ ಕೂತದ್ದಲ್ಲ, ಕರಿಕಲ್ಲೇ ಕೊಳೆತು ಕೆಂಪಾದದ್ದು. ಬಿಸಿ ಮತ್ತು ಮಳೆ ಎರಡೂ ಜೋರಾಗಿದ್ದ ಕಾಲದಲ್ಲಿ ಇಳಿಯುವ ನೀರು ಕಲ್ಲಿನೊಳಗಿನ ಸುಣ್ಣ, ಸೋಡಿಯಂ, ಸಿಲಿಕಾಗಳನ್ನು ಕರಗಿಸಿ ಒಯ್ಯಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಹಿಂದೆ ಉಳಿದವು. ಒಯ್ದ ಜಾಗವೆಲ್ಲ ತೂತು, ಉಳಿದ ಕಬ್ಬಿಣ ತುಕ್ಕು ಹಿಡಿದು ಕೆಂಪು. ಲಕ್ಷಾಂತರ ವರ್ಷಗಳ ಕೆಲಸ ಅದು. ಹೀಗಾದ ಕಲ್ಲು ನೆಲದಡಿ ಇರುವಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ನಮ್ಮೂರಲ್ಲಿ ಕಡಿದ ಕಲ್ಲನ್ನು ಒಂದು ಬೇಸಿಗೆ ಬಿಸಿಲಿಗೆ ಬಿಟ್ಟು ಆಮೇಲೆ ಗೋಡೆಗೆ ಏರಿಸುವುದು ಇದಕ್ಕೇ.

ಮಳೆನೀರು ಆ ತೂತುಗಳಲ್ಲಿ ಸಲೀಸಾಗಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ, ಮುಂದೆ ದಾರಿಯಿಲ್ಲದೆ ಅಡ್ಡಕ್ಕೆ ಹರಿದು ಗುಡ್ಡದಂಚಿನಲ್ಲಿ ಹೊರಬರುತ್ತದೆ. ಗುರುನಾನಕ್ ಝಿರಾದ ಬುಗ್ಗೆ ಅಂಥದ್ದು. ನೌಬಾದಿನ ಹಳೆಯ ಸುರಂಗ ಬಾವಿ ಕರೇಜ್ ಕೂಡ ಅದೇ ನೀರನ್ನು ನೆಲದಡಿಯೇ ಹಿಡಿದು ಊರಿಗೆ ತರುವ ಏರ್ಪಾಡು. ಅದನ್ನು ಕೊರೆಸಿದವರಿಗೆ ಕೆಂಪು ಎಲ್ಲಿ ಮುಗಿಯುತ್ತದೆ ಎಂಬುದು ಕಾಕಾನಷ್ಟೇ ಚೆನ್ನಾಗಿ ಗೊತ್ತಿದ್ದಿರಬೇಕು.

ಸಂಜೆ ಕೋಟೆಯ ಉತ್ತರದ ಅಂಚಿಗೆ ಹೋದೆವು. ಗೋಡೆಯಾಚೆ ನೆಲ ಒಮ್ಮೆಗೇ ಕೆಳಕ್ಕಿಳಿದು, ಮಾಂಜ್ರಾ ನದಿಯ ಕಡೆಗೆ ಕರಿ ಹೊಲಗಳು ಹರಡಿಕೊಂಡಿವೆ. ನಾವು ನಿಂತ ಜಾಗವೂ ಸಮತಟ್ಟು, ಕೆಳಗಿನದ್ದೂ ಸಮತಟ್ಟು. ಆದರೆ ಬೀದರ ಊರು ಕೂತಿರುವುದು ಮಾಳಿಗೆಯ ಮೇಲೆ. ಸುತ್ತಲ ನೆಲ ಸವೆದು ಕೆಳಗಿಳಿದಿದೆ, ಕೆಂಪು ಕಲ್ಲಿನ ಗಟ್ಟಿ ಹೊದಿಕೆ ಇದ್ದಷ್ಟು ಭಾಗ ಹಿಂದಿನ ಎತ್ತರದಲ್ಲೇ ಉಳಿದಿದೆ. ಅಂಚಿನಲ್ಲಿ ಅಡಿಯ ಜೇಡಿ ಕೊಚ್ಚಿಹೋದಂತೆ ಮೇಲಿನ ಕಲ್ಲು ಹೋಳಾಗಿ ಉರುಳುತ್ತದೆ. ಮಾಳಿಗೆ ಕುಗ್ಗುವುದು ಅಂಚಿನಿಂದ.

ಮುಂದಿನ ದಾರಿಯಲ್ಲಿ ಸಪಾಟು ನೆಲ ಕಂಡಾಗಲೆಲ್ಲ ಕಾಕಾನಿಗೆ ಒಂದೇ ಪ್ರಶ್ನೆ ಕೇಳುವುದೆಂದು ಆಗಲೇ ಗೊತ್ತುಮಾಡಿಕೊಂಡೆ: ಇದು ಮಾಳಿಗೆಯೋ, ತಳವೋ?

ಶುಕ್ರವಾರ, ಬೀದರದಿಂದ ಲೋಣಾರ

ಬೆಳಗ್ಗೆ ಬೇಗ ಹೊರಟೆವು. ಕೆಂಪು ಮುಗಿದು ಕಪ್ಪು ಶುರುವಾಯಿತು. ಉದಗೀರ ದಾಟುವ ಹೊತ್ತಿಗೆ ರಸ್ತೆಯ ಎರಡೂ ಬದಿ ಎರಿ ಹೊಲ. ತೊಗರಿ ಕಾಯಿ ಕಟ್ಟಿತ್ತು, ಹತ್ತಿ ಬಿಡಿಸುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡಿದ್ದರು. ಈ ಕರಿಮಣ್ಣೂ ಅದೇ ಕರಿಕಲ್ಲಿನ ಮಗುವೇ. ಮಳೆ ಕಡಿಮೆ ಇದ್ದಲ್ಲಿ ಸುಣ್ಣವೂ ಸಿಲಿಕಾವೂ ಪೂರ್ತಿ ಹೊರಹೋಗದೆ, ನೀರು ಕುಡಿದರೆ ಉಬ್ಬುವ, ಒಣಗಿದರೆ ಅಂಗೈ ಹೋಗುವಷ್ಟು ಬಿರಿಯುವ ಜಿಗುಟು ಮಣ್ಣಾಗುತ್ತದೆ. ಕಲ್ಲು ಒಂದೇ, ಮಳೆ ಬೇರೆಯಾದರೆ ಮಣ್ಣು ಬೇರೆ.

ದೂರದ ಗುಡ್ಡಗಳಿಗೆ ಶಿಖರವೇ ಇಲ್ಲ. ತಲೆ ಸಪಾಟು, ಪಕ್ಕೆಯಲ್ಲಿ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದೊಂದು ಲಾವಾ ಪ್ರವಾಹ. ಜ್ವಾಲಾಮುಖಿ ಎಂದರೆ ತುದಿಯಲ್ಲಿ ಹೊಗೆಯಾಡುವ ಬೆಟ್ಟವೆಂದು ಕಲ್ಪಿಸಿಕೊಂಡವರಿಗೆ ದಖ್ಖನ್ನಿನ ಕಥೆ ನಿರಾಸೆ ತರಬಹುದು. ಇಲ್ಲಿ ಬೆಟ್ಟ ಸಿಡಿಯಲಿಲ್ಲ, ನೆಲ ಸೀಳಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉದ್ದುದ್ದದ ಬಿರುಕುಗಳಿಂದ ತೆಳ್ಳಗಿನ ಲಾವಾ ಉಕ್ಕಿ ಹಳ್ಳಕೊಳ್ಳ ತುಂಬಿಕೊಂಡು ಹರಿಯಿತು, ಆರಿತು, ಅದರ ಮೇಲೆ ಇನ್ನೊಂದು ಹರಿಯಿತು. ಬಹುಪಾಲು ಲಾವಾ ಹತ್ತು ಲಕ್ಷ ವರ್ಷಗಳೊಳಗೇ ಬಂದದ್ದು ಎನ್ನುತ್ತಾರೆ. ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಪಶ್ಚಿಮ ಘಟ್ಟದ ಕಡೆ ದಪ್ಪ 2 ಕಿಲೋಮೀಟರಿನ ಹತ್ತಿರ, ನಮ್ಮ ವಿಜಯಪುರ, ಕಲಬುರಗಿ, ಬೀದರ ಕಡೆ ಬರುವಾಗ ತೆಳುವಾಗುತ್ತ ಅಂಚು.

ಅಹಮದ್‌ಪುರ ದಾಟಿದ ಮೇಲೆ ರಸ್ತೆ ಅಗಲ ಮಾಡಲು ಗುಡ್ಡ ಕಡಿದಿದ್ದ ಕಡೆ ಕಾಕಾ ಗಾಡಿ ನಿಲ್ಲಿಸಲು ಹೇಳಿದರು. ಮೇಲಿಂದ ಒಂದು ಗೇಣು ಕರಿಮಣ್ಣು. ಅದರಡಿ ಬೂದುಬಣ್ಣದ ಮುರುಮ, ಕಾಲಲ್ಲಿ ಒದ್ದರೆ ಉದುರುವಂಥದ್ದು. ಅದರೊಳಗೆ ಪದರಪದರವಾಗಿ ಸುಲಿಯುವ ಗುಂಡುಕಲ್ಲುಗಳು. ಕೆಳಗೆ ಗಟ್ಟಿ ಕರಿಕಲ್ಲು. ಇನ್ನೂ ಕೆಳಗೆ, ಮೊಣಕಾಲೆತ್ತರದಲ್ಲಿ, ಇಟ್ಟಿಗೆ ಪುಡಿ ಬಣ್ಣದ ಒಂದು ಪಟ್ಟಿ.

"ಇದಾ ನೋಡು," ಎಂದು ಕಾಕಾ ಉಗುರಿಂದ ಕೆರೆದರು. ಪುಡಿ ಬೆರಳಿಗೆ ಹತ್ತಿತು. "ಬೋರ್ ಹಾಕೋ ಮುಂದ ಕರೇ ಧೂಳು ಬರ್ತಿರ್ತದ, ಒಮ್ಮೆಗೇ ಕೆಂಪಾಗ್ತದ. ಆಗ ಡ್ರೈವರ್ ಹುಷಾರಾಗಬೇಕು. ಮೆದು ಅದ, ಕುಸೀತದ. ಬಿಟ್ ಸಿಕ್ಕೊಂಡ್ರ ಮಾಲಕ ನಮ್ಮ ಪಗಾರದಾಗ ಹಿಡೀತಾನ."

ಆ ಪಟ್ಟಿ ಎರಡು ಪ್ರವಾಹಗಳ ನಡುವಿನ ಬಿಡುವು. ಕೆಳಗಿನ ಲಾವಾ ಆರಿ, ಗಾಳಿಮಳೆಗೆ ಅದರ ಮೈ ಮಣ್ಣಾಗಲು ಹಿಡಿದ ಕಾಲ. ಆಮೇಲೆ ಹೊಸ ಲಾವಾ ಬಂದು ಆ ಮಣ್ಣನ್ನು ಸುಟ್ಟು ಮುಚ್ಚಿತು. ಪುಸ್ತಕಗಳಲ್ಲಿ ಈ ಬಿಡುವುಗಳ ಲೆಕ್ಕಕ್ಕೆ ಪುಟಗಟ್ಟಲೆ ಚರ್ಚೆಯಿದೆ. ಬೋರ್ ಗಾಡಿಯವರಿಗೆ ಅದು ಪಗಾರದ ವಿಷಯ.

ಗಂಗಾಖೇಡದಲ್ಲಿ ಗೋದಾವರಿ ಸಿಕ್ಕಿತು. ಸೇತುವೆ ಮೇಲಿಂದ ನೋಡಿದರೆ ಎರಡೂ ದಡ ಚಾಪೆ ಹಾಸಿದಷ್ಟು ಸಪಾಟು. ಕೇಳಿದೆ. "ತಳ," ಎಂದರು ಕಾಕಾ, "ಆದ್ರ ಖರೇ ತಳ ಅಲ್ಲ. ಸ್ವಲ್ಪ ಮಣ್ಣು ಅದ, ಕೆಳಗ ಮತ್ತ ಅದೇ ಕಲ್ಲು." ನದಿ ಮೆಟ್ಟಿಲುಗಳನ್ನು ಕೊರೆದು ಅಗಲ ಮಾಡಿಕೊಂಡ ಕಣಿವೆಯಿದು, ಮೇಲೆ ತೆಳ್ಳಗೆ ಹೂಳು ಬಳಿದಿದೆ. ಖರೇ ತಳ ತೋರಿಸುತ್ತೇನೆ, ಭಾನುವಾರ ತಡಿ ಅಂದರು.

ಪರಭಣಿಯಲ್ಲಿ ಊಟ. ಜಿಂತೂರು ದಾಟಿದ ಮೇಲಿನ ರಸ್ತೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಲೋಣಾರ ಮುಟ್ಟಿದಾಗ ಕತ್ತಲಾಗಿತ್ತು.

ಶನಿವಾರ, ಲೋಣಾರ

ಲೋಣಾರದಲ್ಲಿ ಕುಳಿ ನೋಡಲು ಮೊದಲು ದಿಣ್ಣೆ ಹತ್ತಬೇಕು. ಊರ ಕಡೆಯಿಂದ ನೆಲ ನಿಧಾನಕ್ಕೆ ಏರುತ್ತದೆ, ಸುತ್ತಲಿನ ಬಯಲಿಗಿಂತ ಸುಮಾರು 20 ಮೀಟರ್. ಏರಿ ಮುಗಿಯಿತು ಅನ್ನುವಷ್ಟರಲ್ಲಿ ಕಾಲಡಿಯಲ್ಲಿ ನೆಲವಿಲ್ಲ. ಅಡ್ಡಳತೆ ಸುಮಾರು 1.8 ಕಿಲೋಮೀಟರ್, ದುಂಡನೆಯ ತಗ್ಗು. ನೂರು ಮೀಟರಿಗೂ ಹೆಚ್ಚು ಕೆಳಗೆ, ಕಾಡಿನ ಉಂಗುರದ ನಡುವೆ, ಹಸಿರು ಬೆರೆತ ಬೂದು ಬಣ್ಣದ ಕೆರೆ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಷ್ಟು ದಿನ ಹಿಡೀತು ಇದಕ್ಕ?" ಎಂದರು.

ದಿನವಲ್ಲ ಕಾಕಾ, ಕೆಲವೇ ಸೆಕೆಂಡು ಎಂದೆ. ನಂಬಲಿಲ್ಲ. ಒಳ್ಳೆ ಕಲ್ಲಿನಲ್ಲಿ ಆರೂವರೆ ಇಂಚಿನ ತೂತು ಮುನ್ನೂರು ಫೂಟ್ ಇಳಿಸುವುದರೊಳಗೆ ಗಾಡಿಯವರಿಗೆ ಎರಡು ಊಟವಾಗಿರುತ್ತದೆ.

ಆಕಾಶದಿಂದ ಕಲ್ಲು ಬಿದ್ದು ಕುಳಿಯಾಯಿತು ಎಂದಾಗ ನಮ್ಮ ಕಣ್ಣಿಗೆ ಬರುವ ಚಿತ್ರ ಕೆಸರಿಗೆ ಎಸೆದ ಕಲ್ಲಿನದು. ಹಾಗಲ್ಲ. ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದ ಉಲ್ಕೆ ನೆಲ ಮುಟ್ಟಿದ ಕ್ಷಣದಲ್ಲಿ ಅದರ ವೇಗವೆಲ್ಲ ಒತ್ತಡ, ಕಾವುಗಳಾಗಿ ಮಾರ್ಪಟ್ಟು ಕಲ್ಲೂ ನೆಲವೂ ಸೇರಿ ಸಿಡಿಯುತ್ತವೆ. ಆಘಾತದ ಅಲೆ ಎಲ್ಲ ದಿಕ್ಕಿಗೂ ಸಮನಾಗಿ ಹಬ್ಬುವುದರಿಂದ, ಉಲ್ಕೆ ಓರೆಯಾಗಿ ಬಂದರೂ ಕುಳಿ ದುಂಡಗೇ ಆಗುತ್ತದೆ. ಬಂದ ಕಲ್ಲಿನ ಬಹುಪಾಲು ಕರಗಿ ಆವಿಯಾಗುತ್ತದೆ. 'ಆ ಉಲ್ಕೆ ಕೆರೆಯ ಅಡಿಯಲ್ಲಿ ಇನ್ನೂ ಇದೆ' ಎಂದು ಲೋಣಾರದಲ್ಲಿ ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದೆ ಹೋಗಿ.

ಅಂಚಿನಲ್ಲೇ ಸಾಕ್ಷಿಯಿದೆ. ಕುಳಿಯ ಒಳಗೋಡೆಯಲ್ಲಿ ನಿನ್ನೆ ರಸ್ತೆಬದಿ ಕಂಡ ಅದೇ ಪ್ರವಾಹಗಳು, ನಡುವೆ ಅದೇ ಕೆಂಪು ಪಟ್ಟಿ. ಆದರೆ ನಿನ್ನೆ ಅಡ್ಡಕ್ಕೆ ಮಲಗಿದ್ದ ಪದರಗಳು ಇಲ್ಲಿ ಕುಳಿಯಿಂದ ಹೊರಮುಖವಾಗಿ ಓರೆಯಾಗಿವೆ. ಒಳಗಿನಿಂದ ತಳ್ಳಿಸಿಕೊಂಡು ಮೇಲೆದ್ದು ಬಾಗಿದ ಗುರುತು. ಅದರ ಮೇಲೆ ಹೊರಗೆ ಎಸೆದ ಕಲ್ಲುಮಣ್ಣಿನ ಗೋಜಲು: ದೊಡ್ಡದು ಚಿಕ್ಕದು, ಗಟ್ಟಿ ಕೊಳೆತದ್ದು, ಯಾವ ಸಾಲೂ ಇಲ್ಲ. ಕಾಕಾ ಅದನ್ನು ನೋಡಿದ ಮೇಲೆ ಸೆಕೆಂಡಿನ ಮಾತನ್ನು ಅರ್ಧ ಒಪ್ಪಿದರು. "ಹೊಳಿ ತಂದು ಹಾಕಿದ್ರ ಸಣ್ಣದು ದೊಡ್ಡದು ಬ್ಯಾರೆ ಬ್ಯಾರೆ ಆಗ್ತಿತ್ತು."

1823ರಲ್ಲಿ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಬರೆದಿಟ್ಟ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಜ್ವಾಲಾಮುಖಿಯ ಬಾಯಿ ಎಂದೇ ಬಹಳ ಮಂದಿ ನಂಬಿದ್ದರು. ತಪ್ಪೆನ್ನಲಾಗದು, ಸುತ್ತ ನೂರಾರು ಕಿಲೋಮೀಟರ್ ಲಾವಾ ಬಿಟ್ಟು ಬೇರೇನಿಲ್ಲ. ಆದರೆ ಲಾವಾ ಕೋಟಿಗಟ್ಟಲೆ ವರ್ಷ ಹಳೆಯದು, ಕುಳಿ ಮಾತ್ರ ಇನ್ನೂ ಹೊಸ ಮೈಕಟ್ಟಿನದು. 1970ರ ದಶಕದಲ್ಲಿ ಕೆರೆಯ ತಳ ಕೊರೆದಾಗ ಸುಮಾರು 100 ಮೀಟರ್ ಹೂಳಿನ ಕೆಳಗೆ ಪುಡಿಪುಡಿಯಾಗಿ ಮತ್ತೆ ಬೆಸೆದುಕೊಂಡ ಕಲ್ಲು ಸಿಕ್ಕಿತು. ಅದರಲ್ಲಿ ಮಾಸ್ಕೆಲಿನೈಟ್ ಇತ್ತು. ಫೆಲ್ಡ್‌ಸ್ಪಾರ್ ಹರಳು ಕರಗದೆಯೇ, ಬರೀ ಆಘಾತಕ್ಕೆ ಗಾಜಿನಂತಾದ ವಸ್ತು ಅದು. ಅಷ್ಟು ಒತ್ತಡ ಯಾವ ಜ್ವಾಲಾಮುಖಿಗೂ ಸಾಧ್ಯವಿಲ್ಲ. ಚಂದ್ರನ ಮೇಲಿನ ಕಪ್ಪು ಬಯಲುಗಳೂ ಲಾವಾ ಹರಿದು ಆದವೇ, ಅಲ್ಲಿಯೂ ಇಂಥ ಕುಳಿಗಳೇ. ಹಾಗಾಗಿ ಚಂದ್ರನನ್ನೂ ಮಂಗಳವನ್ನೂ ಓದುವವರು ಬುಲ್ಡಾಣಾ ಜಿಲ್ಲೆಯ ಈ ಊರಿಗೆ ಬರುತ್ತಾರೆ.

ವಯಸ್ಸಿನ ಮಾತು ಬಗೆಹರಿದಿಲ್ಲ. ಹಲವು ಕಡೆ 50 ಸಾವಿರ ವರ್ಷ ಎಂದೇ ಬರೆಯುತ್ತಾರೆ. ಕರಗಿದ ಗಾಜಿನ ಮೇಲೆ ಮಾಡಿದ ಒಂದು ಪರೀಕ್ಷೆ ಅಷ್ಟು ಹೇಳಿತ್ತು. 2011ರಲ್ಲಿ ಪ್ರಕಟವಾದ, ಕಲ್ಲಿನೊಳಗೆ ಸೇರಿಕೊಂಡ ಆರ್ಗಾನ್ ಅನಿಲವನ್ನು ಅಳೆಯುವ ಪರೀಕ್ಷೆ ಸುಮಾರು 5.7 ಲಕ್ಷ ಎಂದಿತು. ಹತ್ತು ಪಟ್ಟಿನ ಅಂತರ! ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ, ಕಲ್ಲಿನ ವಯಸ್ಸಿಗೆ ಆರ್ಗಾನ್ ಹೆಚ್ಚು ಪಳಗಿದ ಅಳತೆಗೋಲು.

ಗೋಮುಖದ ಹತ್ತಿರ ಇಳಿದೆವು. ಕುಳಿಯ ಅಂಚಿನಲ್ಲೇ ಬತ್ತದ ಸಿಹಿನೀರಿನ ಧಾರೆ, ಜನ ಮೀಯುತ್ತಿದ್ದರು. ಎಲ್ಲಿಂದ ಬರುತ್ತದೆ ಎಂದು ಕಾಕಾನನ್ನು ಕೇಳುವ ಅಗತ್ಯವೇ ಬೀಳಲಿಲ್ಲ, ಅವರಾಗಲೇ ಗೋಡೆಯಲ್ಲಿ ಎರಡು ಪದರ ಕೂಡುವ ಸಂದಿಗೆ ಕೈ ಮಾಡಿದ್ದರು. ಕೆಳಗೆ ತೇಗ, ಜಾಲಿ, ಸೀತಾಫಲದ ಗಿಡ, ಅಲ್ಲಲ್ಲಿ ಪಾಳು ಗುಡಿಗಳು, ನವಿಲು. ಕಮಲಜಾ ದೇವಿಯ ಗುಡಿ ಕೆರೆಯ ದಡದಲ್ಲೇ ಇದೆ. ನೀರಿನ ಹತ್ತಿರ ಹೋದಂತೆ ಕೊಳೆತ ಮೊಟ್ಟೆಯ ವಾಸನೆ. ದಡದ ಕೆಸರು ಒಣಗಿದಲ್ಲಿ ಬಿಳಿ ಪೊರೆ, ಬೆರಳಲ್ಲಿ ತಿಕ್ಕಿದರೆ ಸೋಪಿನಂತೆ ಜಾರುತ್ತದೆ. ಕೆರೆಗೆ ತೊರೆಗಳು ಇಳಿಯುತ್ತವೆ, ಹೊರಹೋಗುವ ತೂಬಿಲ್ಲ. ನೀರು ಆವಿಯಾಗಿ ಹೋಗುತ್ತದೆ, ತಂದ ಉಪ್ಪುಸೋಡಾ ಇಲ್ಲೇ ಉಳಿಯುತ್ತದೆ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲೇ ಇಲ್ಲಿನ ಕ್ಷಾರದಿಂದ ಗಾಜು, ಸಾಬೂನು ಮಾಡುವ ಪ್ರಸ್ತಾಪವಿದೆ. 2020ರ ಜೂನಿನಲ್ಲಿ ನೀರು ತಗ್ಗಿ ಉಪ್ಪು ಹೆಚ್ಚಿದಾಗ, ಉಪ್ಪನ್ನೇ ನೆಚ್ಚಿ ಬದುಕುವ ಸೂಕ್ಷ್ಮಜೀವಿಗಳಿಂದ ಕೆರೆಯೆಲ್ಲ ಗುಲಾಬಿಯಾಗಿತ್ತು. ಅದೇ ವರ್ಷ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಊರ ಪುರಾಣ ಬೇರೆ: ಲವಣಾಸುರನನ್ನು ವಿಷ್ಣು ಕೊಂದ ತಗ್ಗು ಇದು. ಊರೊಳಗಿನ ದೈತ್ಯಸೂದನ ಗುಡಿ ಆ ಗೆಲುವಿನದು, ಹೊರಗೋಡೆಯ ಕೆತ್ತನೆಗಾಗಿಯಾದರೂ ನೋಡಬೇಕು.

ಮೇಲೆ ಬಂದಾಗ ಒಬ್ಬ ಹುಡುಗ ಅಯಸ್ಕಾಂತಕ್ಕೆ ಅಂಟುವ ಕಲ್ಲಿನ ಚೂರುಗಳನ್ನು ಉಲ್ಕೆಯೆಂದು ತೋರಿಸಿದ. ಕಾಕಾ ಬಗ್ಗಿ ರಸ್ತೆಯ ಜಲ್ಲಿಯಿಂದ ಒಂದು ಚೂರೆತ್ತಿ ಅದೇ ಅಯಸ್ಕಾಂತಕ್ಕೆ ಹಿಡಿದರು. ಅದೂ ಅಂಟಿತು. ಕರಿಕಲ್ಲಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇದ್ದೇ ಇರುತ್ತದೆ. ಹುಡುಗ ನಕ್ಕು, ಮರಾಠಿಯಲ್ಲಿ ಕಾಕಾನ ಊರು ಕೇಳಿ, ಚಹಾ ಅಂಗಡಿ ತೋರಿಸಿದ.

ಚಹಾ ಕುಡಿಯುತ್ತ ನನಗೆ ಹೊಳೆದದ್ದು ಇನ್ನೊಂದು ಕುಳಿ. ಮೆಕ್ಸಿಕೋದ ಚಿಕ್ಸುಲುಬ್, ಅಡ್ಡಳತೆ ಸುಮಾರು 180 ಕಿಲೋಮೀಟರ್. ಅದಾದದ್ದೂ 6.6 ಕೋಟಿ ವರ್ಷಗಳ ಹಿಂದೆಯೇ, ದಖ್ಖನ್ನಿನ ಲಾವಾ ಹರಿಯುತ್ತಿದ್ದ ಕಾಲದಲ್ಲಿ. ಡೈನೊಸಾರ್‌ಗಳು ಅಳಿದದ್ದರಲ್ಲಿ ಯಾರ ಪಾಲು ಎಷ್ಟು ಎಂಬ ವ್ಯಾಜ್ಯ ಇಂದಿಗೂ ನಡೆದಿದೆ.

ಭಾನುವಾರ, ಪೂರ್ಣೆಯ ಬಯಲು

ಮೇಹಕರ ಮೇಲಿಂದ ಉತ್ತರಕ್ಕೆ. ಖಾಮಗಾಂವ್ ಹತ್ತಿರ ಪ್ರಸ್ಥಭೂಮಿ ಮುಗಿದು ರಸ್ತೆ ಇಳಿಯತೊಡಗಿತು. ಶೇಗಾಂವ್‌ನಲ್ಲಿ ಗಜಾನನ ಮಹಾರಾಜರ ಗುಡಿ, ಭಾನುವಾರದ ಜನಜಂಗುಳಿ, ಬಿಸಿ ಕಚೋರಿ. ಅಲ್ಲಿಂದಾಚೆ ಹೊಲದ ರಸ್ತೆ ಹಿಡಿದೆವು.

ಇಷ್ಟು ದಿನ ಎಲ್ಲಿ ನೋಡಿದರೂ ಒಂದು ಮೆಟ್ಟಿಲು, ಒಂದು ದಿಬ್ಬ, ಹೊಲದ ಬದುವಿನಲ್ಲಿ ಆರಿಸಿ ಒಟ್ಟಿದ ಕಲ್ಲುಗುಡ್ಡೆ ಇದ್ದೇ ಇರುತ್ತಿತ್ತು. ಇಲ್ಲಿ ಕಲ್ಲೇ ಇಲ್ಲ. ಹಳ್ಳದ ದಂಡೆಯಲ್ಲಿ ಆಳೆತ್ತರ ಕಡಿದಿದ್ದರೂ ಬರೀ ಮಣ್ಣು, ಮರಳಿನ ಎಳೆ, ಮತ್ತೆ ಮಣ್ಣು. ಬಡಗಣ ಅಂಚಿನಲ್ಲಿ ಸಾತಪುಡಾ ಬೆಟ್ಟದ ನೀಲಿ ಗೆರೆ.

"ಇದು ಖರೇ ತಳ," ಅಂದರು ಕಾಕಾ. "ನಮ್ಮ ಗಾಡಿ ಇಲ್ಲಿ ನಡೆಯಂಗಿಲ್ಲ. ಗಾಳಿ ಹೊಡದು ಕಲ್ಲು ಒಡಿಯೋ ಹ್ಯಾಮರ್ ನಮ್ಮದು. ಇಲ್ಲಿ ಒಡೀಲಿಕ್ಕ ಕಲ್ಲರ ಎಲ್ಲೈತಿ? ತೂತು ಮಾಡಿದ್ರ ಹಿಂದಿಂದ ಮುಚ್ಕೊಂತ ಬರ್ತದ. ಕೆಸರು ನೀರು ಬಿಟ್ಟು ತಿರುಗಿಸೋ ಬ್ಯಾರೆ ಗಾಡಿ ಬೇಕು, ಕಡೀತನಕ ಕೇಸಿಂಗ್ ಇಳಿಸಬೇಕು. ನಮ್ಮ ಕಡೆ ಕೇಸಿಂಗ್ ಮ್ಯಾಲಿನ ನಾಕು ಪೈಪಿಗೆ ಮುಗೀತು."

ಉತ್ತರಕ್ಕೆ ಸಾತಪುಡಾ, ದಕ್ಷಿಣಕ್ಕೆ ಅಜಂತಾ ಬೆಟ್ಟಸಾಲು. ನಡುವಿನ ಪಟ್ಟಿ ಸ್ತರಭಂಗಗಳ, ಅಂದರೆ ನೆಲದಾಳದ ಸೀಳುಗಳ, ಗುಂಟ ಕುಸಿದು ಇಳಿದಿದೆ. ಇಳಿದ ಗುಂಡಿಗೆ ಎರಡೂ ಬೆಟ್ಟದ ಮಣ್ಣನ್ನು ಪೂರ್ಣಾ ನದಿ ಮತ್ತು ಅದರ ಹಳ್ಳಗಳು ತಂದು ಸುರಿದವು. ಕೆಲವೆಡೆ ಹೂಳು 300 ಮೀಟರಿಗೂ ಹೆಚ್ಚು ದಪ್ಪ. ನಿನ್ನೆಯವರೆಗೆ ಕಾಲಡಿಯಿದ್ದ ಕರಿಕಲ್ಲು ಇಲ್ಲಿ ಅಷ್ಟು ಆಳದಲ್ಲಿ ಹೂತುಹೋಗಿದೆ. ಬಯಲು ಎಂದರೆ ಏನೂ ನಡೆಯದ ಜಾಗ ಎಂದುಕೊಳ್ಳುತ್ತೇವೆ; ಈ ದಾರಿಯಲ್ಲಿ ನೆಲ ಅತಿ ಹೆಚ್ಚು ಕದಲಿದ್ದು ಇಲ್ಲೇ ಇರಬೇಕು. ಲೋಣಾರದ ಕುಳಿಯಲ್ಲಿ ಕೂತ 100 ಮೀಟರ್ ಹೂಳೂ ಇದೇ ಕೆಲಸದ ಚಿಕ್ಕ ನಮೂನೆ. ತಗ್ಗು ಯಾವ ಕಾರಣಕ್ಕಾದರೂ ಆಗಿರಲಿ, ನೀರಿಗೆ ಅದನ್ನು ತುಂಬುವುದೊಂದೇ ಗೊತ್ತು.

ಒಂದು ಹಳ್ಳಿಯ ಕೈಪಂಪಿನಲ್ಲಿ ಕಾಕಾ ಬೊಗಸೆ ಹಿಡಿದು ಕುಡಿದು ಉಗಿದರು. ಉಪ್ಪು. ಅಮರಾವತಿ, ಅಕೋಲಾ, ಬುಲ್ಡಾಣಾ ಜಿಲ್ಲೆಗಳಲ್ಲಿ ಹಬ್ಬಿರುವ ಈ ಪಟ್ಟಿಗೆ ಜನ ಖಾರಪಾಣ ಪಟ್ಟಾ, ಉಪ್ಪುನೀರಿನ ಪಟ್ಟಿ, ಅನ್ನುತ್ತಾರೆ. ಮಣ್ಣು ಇಷ್ಟು ಆಳ, ಇಷ್ಟು ಫಲವತ್ತು, ಆದರೆ ಬಾವಿ ನೀರು ಬೆಳೆಗೂ ಆಗದು, ಬಾಯಿಗೂ ಆಗದು. ಪಂಪಿನ ಬಳಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ, ಕುಡಿಯುವ ನೀರು ನಳದಲ್ಲಿ ಬರುತ್ತದೆ, ಬಂದ ದಿನ ಬಂತು ಎಂದಳು.

ಸೋಮವಾರ, ವೇರುಳ (ಎಲ್ಲೋರ)

ಮರಳುವ ದಾರಿಯಲ್ಲಿ ಬುಲ್ಡಾಣದ ಘಟ್ಟ ಏರಿ ಮತ್ತೆ ಮಾಳಿಗೆಗೆ. ಮಂಗಳವಾರ ಎಲ್ಲೋರದ ಗುಹೆಗಳಿಗೆ ರಜೆ, ಹಾಗಾಗಿ ಇವತ್ತೇ ಮುಟ್ಟಬೇಕಿತ್ತು.

ಕೈಲಾಸ ಗುಡಿಯ ಬಗ್ಗೆ ಕನ್ನಡಿಗರಿಗೆ ಹೊಸದಾಗಿ ಹೇಳುವುದೇನಿಲ್ಲ, 8ನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ನಾನು ಕಾಕಾನನ್ನು ಒಳಗೆ ಕರೆದೊಯ್ಯದೆ ಹಿಂದಿನ ಗುಡ್ಡ ಹತ್ತಿಸಿದೆ. ಮೇಲಿಂದ ಕಾಣುವುದು ಗುಡಿಗಿಂತ ಮೊದಲು ಗುಂಡಿ: 80 ಮೀಟರಿಗೂ ಹೆಚ್ಚು ಉದ್ದ, ಹಿಂಬದಿಯಲ್ಲಿ 30 ಮೀಟರಿಗೂ ಹೆಚ್ಚು ಆಳ, ಗೋಡೆ ನೆಟ್ಟಗೆ. ನಡುವೆ ಶಿಖರ ನಮ್ಮ ಕಾಲಿಗಿಂತ ಕೆಳಗೆ. ಲಾವಾ ಪದರಗಳನ್ನು ಮೇಲಿಂದ ಕೆಳಕ್ಕೆ ಉಳಿಯಲ್ಲಿ ಕಡಿದಿದ್ದಾರೆ.

ಕೆಳಗಿಳಿದ ಮೇಲೆ ಕಾಕಾ ಆನೆಗಳ ಸಾಲನ್ನೂ ನೋಡಲಿಲ್ಲ, ರಾವಣನನ್ನೂ ನೋಡಲಿಲ್ಲ. ಅಂಗಳದ ಗೋಡೆಗುಂಟ ನಡೆದರು. ಒಂದೆಡೆ ಕಲ್ಲಿನ ಮೈಯಲ್ಲಿ ಬಿಳಿ ಚುಕ್ಕೆಗಳು. ಲಾವಾದ ಗಾಳಿಗುಳ್ಳೆಗಳೊಳಗೆ ಆಮೇಲೆ ಹರಳುಗಟ್ಟಿದ ಖನಿಜ. ಇನ್ನೊಂದೆಡೆ ನಯವಾದ ಗಟ್ಟಿ ಕಪ್ಪು. ಎರಡರ ಮೇಲೂ ಬೆರಳು ಗೆಣ್ಣಿನಿಂದ ಬಡಿದು ಸದ್ದು ಕೇಳಿದರು. ಕಾವಲಿನವನು ಗದರಿಸುವ ಮೊದಲೇ ಕೈ ಹಿಂದೆ ಕಟ್ಟಿಕೊಂಡು ನನ್ನ ಕಡೆ ತಿರುಗಿದರು.

"ಮ್ಯಾಲಿಂದ ಕೆಳಗ ಬಂದಾರ, ನಮ್ಮಂಗ. ಆದ್ರ ನಮಗ ಕಲ್ಲು ಸರಿ ಬರಲಿಲ್ಲಂದ್ರ ಗಾಡಿ ಎತ್ತಿ ಬ್ಯಾರೆ ಪಾಯಿಂಟಿಗೆ ಹೋಗ್ತೀವಿ. ಇವರು ಅರ್ಧಕ್ಕ ಬಂದ ಮ್ಯಾಲ ಕೆಂಪು ಪಟ್ಟಿ ಸಿಕ್ಕಿದ್ರ ಏನು ಮಾಡ್ತಿದ್ರು, ತಮ್ಮಾ?"